ಪದಚರ್ಚೆ: ‘ಟ್ರಾನ್ಸ್‌ಫೆಕ್ಷನ್’ ಅಂದರೆ ಸೋಂಕಿಸುವುದೋ, ಸೇರಿಸುವುದೋ, ಒಳಹೊಗಿಸುವುದೋ?

ಪ್ರಶ್ನೆ:
ನಮಸ್ಕಾರ. ಕೋಶಕೃಷಿ (ಜೀವಕೋಶಗಳನ್ನು ತಟ್ಟೆಯಲ್ಲಿ ಬೆಳೆಸುವುದು) ಕಲಿಯುವವರಿಗಾಗಿ ಸಿದ್ಧವಾಗುತ್ತಿರುವ ಕನ್ನಡ ಕೈಪಿಡಿಯ ಕರಡಿನಲ್ಲಿ, ಲಿಪಿಡ್ (ನೀರಿನಲ್ಲಿ ಕರಗದ, ಎಣ್ಣೆಯಂಥ ವಸ್ತು) ಕಣಗಳ ಮೂಲಕ ಜೀವಕೋಶದೊಳಕ್ಕೆ ಡಿಎನ್‌ಎ ಕಳಿಸುವುದಕ್ಕೆ, ಅಂದರೆ ಟ್ರಾನ್ಸ್‌ಫೆಕ್ಷನ್‌ಗೆ, ಒಂದು ಕಡೆ ‘ಜೀನ್ ಸೋಂಕಿಸುವಿಕೆ’, ಇನ್ನೊಂದು ಕಡೆ ‘ಜೀನ್ ಸೇರ್ಪಡೆ’ ಎಂದಿದೆ. ಯಾವುದನ್ನು ಉಳಿಸಬೇಕು? ಲಿಪಿಡ್‌ಗೆ ‘ಕೊಬ್ಬು’, ಕಾನ್ಫ್ಲುಯೆನ್ಸ್‌ಗೆ (ತಟ್ಟೆಯ ತಳವನ್ನು ಕೋಶಗಳು ಎಷ್ಟು ಮುಚ್ಚಿವೆ ಎಂಬುದಕ್ಕೆ) ‘ಸಂಗಮ’ ಸರಿಯೇ?

ಉತ್ತರ:
ಎರಡನ್ನೂ ಬಿಡಿ ಸರ್. ಮೂಲ ಪದದಲ್ಲಿ ಸೋಂಕು ಅಡಗಿರುವುದು ನಿಜ. ಬ್ಯಾಕ್ಟೀರಿಯಾಗಳಿಗೆ ವೈರಸ್ಸಿನ ಬರಿಯ ಡಿಎನ್‌ಎ ಕೊಟ್ಟು ವೈರಸ್ ಹುಟ್ಟಿಸುತ್ತಿದ್ದ 1960ರ ದಶಕದ ಹೆಸರು ಅದು. ಪ್ರಾಣಿಕೋಶಗಳ ವಿಷಯದಲ್ಲಿ ‘ಟ್ರಾನ್ಸ್‌ಫಾರ್ಮೇಶನ್’ ಎಂದರೆ ಕ್ಯಾನ್ಸರ್ ಸ್ವಭಾವಕ್ಕೆ ತಿರುಗುವುದು ಎಂಬ ಅರ್ಥ ಆಗಲೇ ಬೇರೂರಿದ್ದರಿಂದ ಈ ಹೆಸರು ಅಲ್ಲಿಗೂ ಬಂತು. ಈಗ ಡಿಎನ್‌ಎಯನ್ನು ವೈರಸ್ ಹೊತ್ತು ತಂದರೆ ಅದಕ್ಕೆ ಟ್ರಾನ್ಸ್‌ಡಕ್ಷನ್ ಎಂಬ ಬೇರೆ ಹೆಸರಿದೆ. ಅಲ್ಲದೆ ಕೋಶಕೃಷಿಯಲ್ಲಿ ಸೋಂಕು ಎಂದರೆ ಬೂಸ್ಟು, ಮೈಕೊಪ್ಲಾಸ್ಮಾ ಎಂಬ ಪುಟ್ಟ ಬ್ಯಾಕ್ಟೀರಿಯಾ. ‘ಸೋಂಕಿಸಿದ ತಟ್ಟೆ’ ಎಂದರೆ ಕೆಟ್ಟ ತಟ್ಟೆ ಎಂದೇ ಓದುಗರು ತಿಳಿಯುತ್ತಾರೆ.

‘ಸೇರ್ಪಡೆ’ಯ ತಪ್ಪು ಇನ್ನೂ ದೊಡ್ಡದು. ಒಳಗೆ ಹೋದ ಪ್ಲಾಸ್ಮಿಡ್ (ಜೀನ್ ಹೊತ್ತ ಡಿಎನ್‌ಎ ಬಳೆ) ಸಾಮಾನ್ಯವಾಗಿ ಕ್ರೋಮೊಸೋಮಿಗೆ ಕೂಡಿಕೊಳ್ಳುವುದಿಲ್ಲ; ಕೋಶಗಳು ಇಬ್ಭಾಗವಾಗುತ್ತ ಹೋದಂತೆ ಕೆಲವೇ ದಿನಗಳಲ್ಲಿ ಕಳೆದುಹೋಗುತ್ತದೆ. ಕೂಡಿಕೊಳ್ಳುವುದು ತೀರ ಕೆಲವು ಕೋಶಗಳಲ್ಲಿ ಮಾತ್ರ, ಉಳಿದವು ಸಾಯುವಂತೆ ಔಷಧ ಹಾಕಿ ಅವನ್ನು ಆರಿಸಬೇಕು.  ಹಾಗಾಗಿ ಕೋಶದೊಳಕ್ಕೆ ಕಳಿಸುವುದಕ್ಕೆ ‘ಒಳಹೊಗಿಸು’, ಕ್ರೋಮೊಸೋಮಿಗೆ ಕೂಡುವುದಕ್ಕೆ ‘ಬೆಸೆ’ ಎಂದು ಎರಡು ಕ್ರಿಯಾಪದ ಇಟ್ಟುಕೊಳ್ಳಿ. ‘ಹೊಗೆ’ ನೆನಪಾಗದಿರಲು ‘ಒಳ’ ಇರಲಿ. ವಿಧಾನದ ಹೆಸರಾಗಿ ‘ಟ್ರಾನ್ಸ್‌ಫೆಕ್ಷನ್’ ಹಾಗೇ ಇರಲಿ.

‘ಕೊಬ್ಬು’ ಬೇಡ. ಕೊಬ್ಬಿಗೆ ವಿದ್ಯುದಂಶವಿಲ್ಲ, ಇಲ್ಲಿ ಕೆಲಸವೆಲ್ಲ ವಿದ್ಯುದಂಶದ್ದೇ. 1987ರಲ್ಲಿ ಫೆಲ್ಗ್‌ನರ್ ಮತ್ತು ಸಂಗಡಿಗರು ಪ್ರಕಟಿಸಿದ ಡಾಟ್ಮಾ ಲಿಪಿಡ್ಡಿನ ತಲೆ ಧನ, ಡಿಎನ್‌ಎ ಋಣ. ಬೆರೆಸಿದೊಡನೆ ಅವು ಒಂದಕ್ಕೊಂದು ಅಂಟಿ ಕಣವಾಗುತ್ತವೆ. ಕರಡಿನಲ್ಲಿ ‘ಕಣದಲ್ಲಿ ಡಿಎನ್‌ಎ ತುಂಬಿ’ ಎಂದಿದ್ದರೆ ಅದನ್ನೂ ತಿದ್ದಿ. ಯಾರೂ ತುಂಬುವುದಿಲ್ಲ, ಕಣ ತಾನಾಗಿ ಕಟ್ಟಿಕೊಳ್ಳುತ್ತದೆ.

ಕ್ರಮದ ವಾಕ್ಯಗಳಲ್ಲೂ ಕ್ರಿಯಾಪದ ಮುಖ್ಯ. 24 ಗುಳಿಗಳ ತಟ್ಟೆಯ ಒಂದು ಗುಳಿಗೆ, ಲಿಪೊಫೆಕ್ಟಮೈನ್ 2000 ಎಂಬ ಸಿದ್ಧ ಲಿಪಿಡ್ ಬಳಸುವುದಾದರೆ: 50 ಮೈಕ್ರೊಲೀಟರ್ ಸೀರಂರಹಿತ (ರಕ್ತದ ತಿಳಿದ್ರವ ಬೆರೆಸದ) ದ್ರವದಲ್ಲಿ 0.5 ಮೈಕ್ರೊಗ್ರಾಂ ಡಿಎನ್‌ಎ, ಇನ್ನೊಂದು 50ರಲ್ಲಿ 1 ಮೈಕ್ರೊಲೀಟರ್ ಲಿಪಿಡ್. 5 ನಿಮಿಷ ಬಿಟ್ಟು ಎರಡನ್ನೂ ‘ಮೆಲ್ಲಗೆ ಬೆರೆಸಿ’. ಕೋಣೆಯ ಉಷ್ಣತೆಯಲ್ಲಿ 20 ನಿಮಿಷ. ‘ಕಲಕಿ’ ಎಂದು ಬರೆದರೆ ಜೋರಾಗಿ ಅಲ್ಲಾಡಿಸುತ್ತಾರೆ. ಸೀರಂರಹಿತ ದ್ರವ ಏಕೆಂದರೆ, ಸೀರಂನ ಋಣ ಪ್ರೋಟೀನುಗಳು ಲಿಪಿಡ್ಡಿಗೆ ಅಂಟಿ ಕಣ ಕಟ್ಟುವುದನ್ನೇ ಕೆಡಿಸುತ್ತವೆ. ಕೋಶಗಳ ಮೇಲಿನ ದ್ರವದಲ್ಲಿ ಸೀರಂ ಇರಬಹುದು, ಆ್ಯಂಟಿಬಯೋಟಿಕ್ ಬೇಡ: ಲಿಪಿಡ್‌ನಿಂದ ಸಡಿಲವಾದ ಪೊರೆಯ ಮೂಲಕ ಅದೂ ಒಳಹೊಕ್ಕು ಕೋಶಗಳನ್ನು ಕೊಲ್ಲುತ್ತದೆ.

‘ಸಂಗಮ’ ನದಿಗಳಿಗೆ ಸರಿ. ಇಲ್ಲಿ ‘ಹರವು’ ಸಾಕು: ‘ಹರವು 70ರಿಂದ 90%’ ಎಂದರೆ ತಳದ ಅಷ್ಟು ಭಾಗವನ್ನು ಕೋಶಗಳು ಮುಚ್ಚಿವೆ. ಹರವು ತೆಳುವಾಗಿದ್ದರೆ ಒಂದೊಂದು ಕೋಶದ ಪಾಲಿಗೂ ಲಿಪಿಡ್ ಹೆಚ್ಚಾಗಿ, ಅವು ಸತ್ತು ತಳ ಬಿಟ್ಟು ತೇಲುತ್ತವೆ.

ಪ್ರಶ್ನೆ:
ಧನ್ಯವಾದ. ಹಾಗಾದರೆ ಎಫಿಶಿಯೆನ್ಸಿಗೆ (ಟ್ರಾನ್ಸ್‌ಫೆಕ್ಷನ್ ಎಷ್ಟು ಫಲಿಸಿತೆಂಬ ಅಳತೆಗೆ) ‘ಒಳಹೊಕ್ಕ ಪ್ರಮಾಣ’ ಎನ್ನೋಣವೇ?

ಉತ್ತರ:
ಬೇಡ. ಹೊಕ್ಕ ಡಿಎನ್‌ಎಯಲ್ಲಿ ಬಹುಪಾಲು ಕೋಶದೊಳಗಿನ ಎಂಡೊಸೋಮ್ ಎಂಬ ಚೀಲಗಳಲ್ಲೇ ಸಿಕ್ಕಿಬೀಳುತ್ತದೆ. 24ರಿಂದ 48 ಗಂಟೆಗಳ ನಂತರ ಎಣಿಸುವುದು, ಹಸಿರು ಪ್ರೋಟೀನಿನ ಜೀನ್ ಕಳಿಸಿದ್ದರೆ, ಆ ಜೀನ್ ಕೆಲಸಮಾಡಿ ಹಸಿರು ಹೊಳೆಯುವ ಕೋಶಗಳನ್ನು. ‘ಹೊಳೆದ ಕೋಶಗಳು, ಶೇಕಡಾ ಇಷ್ಟು’ ಎಂದೇ ಬರೆಯಿರಿ.