ಪೋರ್ಷನ್ ಮುಗಿಸದ ಮೇಷ್ಟ್ರಿಗೆ ಪ್ರಶಸ್ತಿಯಾ?

ಮಂಜು: ಮೇಲೆ ಹಾಕಿರುವ ಸುದ್ದಿ ನೋಡಿ. ಅಮೆರಿಕದಲ್ಲಿ ಶಾಲೆಯಲ್ಲಿ ಇತಿಹಾಸ ಪಾಠ ಮಾಡುವವರಿಗೆ ಅಂತಲೇ ಒಂದು ಪ್ರಶಸ್ತಿ ಇದೆಯಂತೆ. ಗಿಲ್ಡರ್ ಲೆಹ್ರ್‌ಮನ್ ಸಂಸ್ಥೆ 2004ರಿಂದ ಕೊಡುತ್ತಿದೆ. 10,000 ಡಾಲರ್.

ಮಂಜು: ಓದುತ್ತಿದ್ದ ಹಾಗೇ ನಮ್ಮ ಹಿಸ್ಟರಿ ಮೇಷ್ಟ್ರು ನೆನಪಾದರು. ಅವರ ನೆನಪಿಗೆ ನಾವೂ ಒಂದು ಪ್ರಶಸ್ತಿ ಇಡೋಣ್ವಾ? ಸಣ್ಣದಾದರೂ ಪರವಾಗಿಲ್ಲ.

ಇಮ್ರಾನ್: ನಾನು ರೆಡಿ.

ರಘು: ದುಡ್ಡು ಹಾಕಲು ನನ್ನದೇನೂ ತಕರಾರಿಲ್ಲ. ಯಾರಿಗೆ ಕೊಡಬೇಕು ಅಂತ ತೀರ್ಮಾನ ಮಾಡುವುದು ಹೇಗೆ? ಸುಲಭದ ದಾರಿ ಹೇಳುತ್ತೇನೆ. ಯಾರ ಮಕ್ಕಳಿಗೆ ಜಾಸ್ತಿ ಮಾರ್ಕ್ಸ್ ಬಂದಿದೆಯೋ ಅವರಿಗೆ. ಜಗಳವೇ ಇಲ್ಲ.

ನಾಗರತ್ನ: ಹಾಗಾದರೆ ನಮ್ಮ ಮೇಷ್ಟ್ರಿಗೇ ಅದು ಸಿಗುತ್ತಿರಲಿಲ್ಲ 😄

ನಾಗರತ್ನ: ಬೇಜಾರು ಮಾಡಿಕೊಳ್ಳಬೇಡಿ, ಇದ್ದದ್ದು ಹೇಳುತ್ತೇನೆ. ಅವರು ಒಂದು ವರ್ಷವೂ ಪೋರ್ಷನ್ ಮುಗಿಸಲಿಲ್ಲ. ಫ್ರೆಂಚ್ ಕ್ರಾಂತಿಯನ್ನು ನಾನು ಗೈಡ್ ನೋಡಿ ಓದಿದೆ. ಪರೀಕ್ಷೆಯಲ್ಲಿ ಅದರ ಮೇಲೇ ದೊಡ್ಡ ಪ್ರಶ್ನೆ. 1789, ಬ್ಯಾಸ್ಟಿಲ್ ಸೆರೆಮನೆ ಅಂತ ಬರೆದೆ. ಜನ ಅಲ್ಲಿಗೇ ಯಾಕೆ ನುಗ್ಗಿದರು ಅನ್ನುವುದಕ್ಕೆ ಒಂದು ಸಾಲೂ ಹೊಳೆಯಲಿಲ್ಲ.

ಇಮ್ರಾನ್: ಅಷ್ಟು ದಿನ ಎಲ್ಲಿ ಹೋಯಿತು ಗೊತ್ತಾ? ಆ ‘ದಾನ’ದ ಕ್ಲಾಸಿಗೆ!

ಮಂಜು: ಯಾವುದೋ ಅದು?

ಇಮ್ರಾನ್: ಬಂದವರೇ ಹಾಜರಿ ಕೂಡ ಕೂಗದೆ ಬೋರ್ಡಿನ ಮೇಲೆ ಎಂಟು ಸಾಲು ಬರೆದರು. ನಮಗೆ ಗೊತ್ತಿಲ್ಲದ ಲಿಪಿ. ಒಂದು ಸಾಲು ಇನ್ನೊಂದರ ಹಾಗಿಲ್ಲ, ಆದರೆ ಎಲ್ಲದರ ಕೊನೆಗೂ ಅದೇ ಎರಡು ಅಕ್ಷರ. ಸಾಂಚಿ ಸ್ತೂಪದ ಸುತ್ತ ಇರುವ ಕಲ್ಲಿನ ಬೇಲಿಯ ಮೇಲೆ ಹೀಗೆ ಬರೆದಿದೆ, ಈ ಎರಡು ಅಕ್ಷರ ಏನಿರಬಹುದು ಹೇಳಿ ಅಂದರು. ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. ‘ಮುಗಿಯಿತು ಅಂತ ಇರಬೇಕು ಸಾರ್’ ಅಂದವನು ಇದೇ ರಘು.

ರಘು: ಫುಲ್‌ಸ್ಟಾಪ್ ಅಂದುಕೊಂಡಿದ್ದೆ ಮಾರಾಯ. ಈಗಲೂ ಅದು ದಡ್ಡ ಉತ್ತರ ಅಲ್ಲ.

ಇಮ್ರಾನ್: ಮೇಷ್ಟ್ರೂ ದಡ್ಡ ಅನ್ನಲಿಲ್ಲ. ಒಬ್ಬ ‘ಸತ್ತರು’ ಅಂದ. ‘ಬೇಲಿಯ ಒಂದೊಂದು ಕಲ್ಲಿಗೂ ಒಬ್ಬೊಬ್ಬ ಸತ್ತವರು ಯಾಕೆ?’ ಅಂತ ಕೇಳಿದರು, ಅಷ್ಟೇ. ಬೆಲ್ ಹೊಡೆಯುವ ಹೊತ್ತಿಗೆ ಸವಿತಾ ಎದ್ದು ನಿಂತು, ‘ಬೆಂಚಿನ ಮೇಲೆ ಕೊಟ್ಟವರ ಹೆಸರು ಬರೆಯುತ್ತಾರಲ್ಲ ಸಾರ್, ಹಾಗೇನಾದರೂ?’ ಅಂದಳು. ಅವರ ಮುಖ ನೋಡಬೇಕಿತ್ತು.

ಸವಿತಾ: ಅಯ್ಯೋ, ಅದು ನಿನಗೆ ಇನ್ನೂ ನೆನಪಿದೆಯಾ!

ಸವಿತಾ: 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅನ್ನುವ ಬ್ರಿಟಿಷ್ ಅಧಿಕಾರಿಗೆ ಹೊಳೆದದ್ದೂ ಅದೇ. ಇಂಥವರ ‘ದಾನಂ’. ಅಲ್ಲಿಂದ ‘ದ’ ಸಿಕ್ಕಿತು, ‘ನ’ ಸಿಕ್ಕಿತು, ಬ್ರಾಹ್ಮಿ ಲಿಪಿಯ ಗಂಟು ಬಿಚ್ಚಿಕೊಂಡಿತು. ಆದರೆ ನನಗೆ ಅದಕ್ಕಿಂತ ಮರುದಿನದ ಕ್ಲಾಸು ಇಷ್ಟ. ‘ಇಷ್ಟು ಬುದ್ಧಿವಂತ ಆಮೇಲೆ ಎಡವಿದ, ಎಲ್ಲಿ ಹೇಳಿ’ ಅಂತಲೇ ಶುರು ಮಾಡಿದರು. ಶಾಸನಗಳಲ್ಲಿ ‘ದೇವಾನಂಪಿಯ ಪಿಯದಸಿ’, ಅಂದರೆ ದೇವರಿಗೆ ಪ್ರಿಯನಾದ ಪ್ರಿಯದರ್ಶಿ, ಅಂತ ಇತ್ತು. ಪ್ರಿನ್ಸೆಪ್ ಅದನ್ನು ಲಂಕೆಯ ರಾಜ ಅಂದುಕೊಂಡ. ಲಂಕೆಯ ಹಳೆಯ ಪಾಳಿ ಗ್ರಂಥಗಳನ್ನು ಓದಿದ್ದ ಟರ್ನರ್ ಅನ್ನುವ ಇನ್ನೊಬ್ಬ ಬ್ರಿಟಿಷ್ ಅಧಿಕಾರಿ, ಅಲ್ಲ, ಇವನು ಅಶೋಕ ಅಂತ ತೋರಿಸಿಕೊಟ್ಟ. ಆಮೇಲೆ 1915ರಲ್ಲಿ ಮಸ್ಕಿಯಲ್ಲಿ ಸಿಕ್ಕ ಶಾಸನದಲ್ಲಿ ಅಶೋಕ ಅನ್ನುವ ಹೆಸರೇ ಇತ್ತು.

ಸವಿತಾ: ನನ್ನ ಎಂಟನೇ ಕ್ಲಾಸಿಗೆ ಇವತ್ತಿಗೂ ಅದೇ ಎಂಟು ಸಾಲು ಬರೆಯುತ್ತೇನೆ. ಫುಲ್‌ಸ್ಟಾಪ್ ಅನ್ನುವ ರಘು ಪ್ರತಿವರ್ಷ ಒಬ್ಬ ಸಿಗುತ್ತಾನೆ.

ನಾಗರತ್ನ: ಕೇಳಲು ಚೆನ್ನಾಗಿದೆ ಕಣೇ. ಆದರೆ ಮನೆಯಲ್ಲಿ ಹೇಳಿಕೊಡುವವರು ಇದ್ದವರಿಗೆ ಆ ಕ್ಲಾಸು ಮಜಾ. ನನಗೆ ಬಿಟ್ಟ ಪಾಠ ಬಿಟ್ಟೇ ಹೋಯಿತು. ಪ್ರಶಸ್ತಿ ಕೊಡುವಾಗ ಅದನ್ನು ಲೆಕ್ಕಕ್ಕೆ ಹಿಡಿಯಬೇಡ್ವಾ?

ರಘು: 👆 ಇದು ಪಾಯಿಂಟ್.

ಸವಿತಾ: ಪಾಯಿಂಟೇ. ಇಲ್ಲ ಅನ್ನುವುದಿಲ್ಲ. ಪರೀಕ್ಷೆ ಹತ್ತಿರ ಬಂದಾಗ ನಾನೂ ಓಡುತ್ತೇನೆ. ಎರಡು ಮಹಾಯುದ್ಧ ಒಂದೇ ವಾರದಲ್ಲಿ ಮುಗಿಸಿದ್ದೇನೆ, ನಾಚಿಕೆಯಾಗುತ್ತದೆ. ಆದರೆ ಓಡಿದ್ದಕ್ಕೆ ಪ್ರಶಸ್ತಿ ಕೊಡಿ ಅಂತ ಕೇಳುವುದಿಲ್ಲ.

ಮಂಜು: ಆ ಅಮೆರಿಕದವರು ಮಾರ್ಕ್ಸ್ ಒಂದನ್ನೇ ಹಿಡಿದು ಕೂತಿಲ್ಲ. ವಿದ್ಯಾರ್ಥಿಗಳೋ ಪೋಷಕರೋ ಜೊತೆಯ ಶಿಕ್ಷಕರೋ ಹೆಸರು ಸೂಚಿಸಬಹುದು. ಹಳೆಯ ದಾಖಲೆ, ವಸ್ತು, ಜಾಗ, ಹಿರಿಯರ ನೆನಪು ಇವನ್ನೆಲ್ಲ ಕ್ಲಾಸಿನಲ್ಲಿ ಹೇಗೆ ಬಳಸುತ್ತಾರೆ ಅನ್ನುವುದನ್ನೂ ನೋಡುತ್ತಾರೆ.

ರಘು: ಅದನ್ನು ಅಳೆಯುವುದು ಹೇಗಪ್ಪಾ? ಕೊನೆಗೆ ಚೆನ್ನಾಗಿ ಫೈಲ್ ಮಾಡಿದವರಿಗೇ ಸಿಗುತ್ತದೆ.

ಸವಿತಾ: ಅದು ಮಾತ್ರ ನಿಜ. ನಾನೂ ಒಮ್ಮೆ ಒಂದು ಕಡೆ ಅರ್ಜಿ ಹಾಕಿದ್ದೆ. ಫೋಟೋ, ಪೇಪರ್ ಕಟಿಂಗ್, ಯಾವ ಯಾವ ದಿನಾಚರಣೆ ಮಾಡಿಸಿದೆ ಅನ್ನುವ ಪಟ್ಟಿ. ಫೈಲ್ ಎರಡು ಇಂಚು ದಪ್ಪ ಆಯಿತು. ಅದನ್ನು ಮಾಡುತ್ತಿದ್ದ ಆ ಹದಿನೈದು ದಿನ ನನ್ನ ಪಾಠ ಅಷ್ಟು ಕೆಟ್ಟದಾಗಿ ಇನ್ಯಾವತ್ತೂ ನಡೆದಿಲ್ಲ. ಮಕ್ಕಳ ನೋಟ್‌ಬುಕ್ ಒಂದನ್ನಾದರೂ ಕಳಿಸಿ ಅಂತ ಯಾರೂ ಕೇಳಲಿಲ್ಲ.

ಇಮ್ರಾನ್: ನೋಟ್‌ಬುಕ್ ಯಾಕೆ?

ಸವಿತಾ: ಅಲ್ಲೇ ಗೊತ್ತಾಗುತ್ತದೆ. ನಲವತ್ತು ನೋಟ್‌ಬುಕ್ ತೆಗೆದುಕೋ. ‘ಕ್ರಾಂತಿಗೆ ಕಾರಣಗಳು’ ಅಂತ ನಲವತ್ತರಲ್ಲೂ ಒಂದೇ ಐದು ಸಾಲು, ಒಂದೇ ತಪ್ಪು ಕಾಗುಣಿತದ ಸಮೇತ ಇದ್ದರೆ, ಅದು ಬೋರ್ಡಿನಿಂದ ಇಳಿಸಿದ್ದು. ಒಬ್ಬ ಬ್ರೆಡ್ಡಿನ ಬೆಲೆ ಅಂತ ಶುರು ಮಾಡಿ, ಇನ್ನೊಬ್ಬಳು ತೆರಿಗೆ ಅಂತ ಶುರು ಮಾಡಿ, ಮೂರನೆಯವನು ‘ಇದನ್ನು ಬರೆದವರು ಯಾರ ಕಡೆಯವರು?’ ಅಂತ ಅಂಚಿನಲ್ಲಿ ಗೀಚಿದ್ದರೆ, ಆ ಕ್ಲಾಸಿನಲ್ಲಿ ಏನೋ ನಡೆದಿದೆ.

ಸವಿತಾ: ಸ್ಯಾಮ್ ವೈನ್‌ಬರ್ಗ್ ಅಂತ ಅಮೆರಿಕದ ಶಿಕ್ಷಣ ಸಂಶೋಧಕರೊಬ್ಬರು 1991ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕದ ಸ್ವಾತಂತ್ರ್ಯ ಯುದ್ಧ ಶುರುವಾದ 1775ರ ಲೆಕ್ಸಿಂಗ್ಟನ್ ಕದನದ ಬಗ್ಗೆ ಕೆಲವು ಬರಹಗಳನ್ನು ಎಂಟು ಇತಿಹಾಸಕಾರರಿಗೂ ಎಂಟು ಹೈಸ್ಕೂಲ್ ಮಕ್ಕಳಿಗೂ ಕೊಟ್ಟರು. ಮಕ್ಕಳು ಜಾಣರೇ. ಆದರೆ ಓದುವಾಗ ಮೇಲಿನಿಂದ ಕೆಳಗೆ ಓದಿಕೊಂಡು ಹೋದರು. ಇತಿಹಾಸಕಾರರು ಮೊದಲು ಇದನ್ನು ಬರೆದವರು ಯಾರು, ಯಾವಾಗ ಬರೆದರು ಅಂತ ನೋಡಿದರು. ಆ ಚಾಳಿ ಹತ್ತಿಸುವುದು ನಮ್ಮ ಕೆಲಸ.

ಮಂಜು: ಈ ಗುಂಪಿಗೆ ಬರುವ ಫಾರ್ವರ್ಡ್‌ಗಳಿಗೂ ಆ ಚಾಳಿ ಬೇಕಿತ್ತು.

ರಘು: ನನಗೇ ಅಲ್ವಾ ಹೇಳಿದ್ದು? ಆ ‘ಪ್ರಾಚೀನ ವಿಮಾನ’ ಡಿಲೀಟ್ ಮಾಡಿದೆನಲ್ಲ, ಬಿಡೋ ಇನ್ನು.

ರಘು: ಸರಿ, ನೋಟ್‌ಬುಕ್ ನೋಡೋಣ. ಅರ್ಜಿ ಬೇಡ, ಫೈಲ್ ಬೇಡ. ಆದರೆ ಒಂದು ದಿನ ಯಾರಾದರೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಪಾಠ ಕೇಳಬೇಕು. ಅಳೆಯುವುದು ಅಂದರೆ ಅಷ್ಟಾದರೂ ಬೇಕು.

ಸವಿತಾ: ಒಂದು ದಿನ ಸಾಲದು. ಹೊರಗಿನವರು ಬಂದರೆ ಮಕ್ಕಳೂ ನಾಟಕ ಮಾಡುತ್ತಾರೆ, ನಾವೂ ಮಾಡುತ್ತೇವೆ. ಒಂದು ವಾರ ಕೂರಲಿ. ಮೂರನೇ ದಿನದಿಂದ ನಿಜವಾದ ಕ್ಲಾಸು ಕಾಣುತ್ತದೆ.

ಇಮ್ರಾನ್: ವಾರವಿಡೀ ಕೂರುವಷ್ಟು ಪುರುಸೊತ್ತು ಯಾರಿಗಿದೆ?

ನಾಗರತ್ನ: ನನಗಿದೆ. ನಾನು ಕೂರುತ್ತೇನೆ.

ಮಂಜು: ನಿಜವಾಗಲೂ? 🙏

ನಾಗರತ್ನ: ಹೂಂ. ಆದರೆ ಮೊದಲ ದಿನವೇ ಕೇಳುತ್ತೇನೆ, ಫ್ರೆಂಚ್ ಕ್ರಾಂತಿ ಆಯಿತಾ ಅಂತ.