ಮಾನಸಗಂಗೋತ್ರಿಯಲ್ಲಿ ಪಿಎಚ್.ಡಿ.: ಮೈಸೂರಿನ ಯಾವ ಬಡಾವಣೆಯಲ್ಲಿ ಮನೆ ಹಿಡಿಯುವುದು?

ಲಿಂಗಸುಗೂರಿನವಳು:

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರು ಜಿಲ್ಲೆಯ ಲಿಂಗಸುಗೂರಿನವಳು. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಆವರಣದಲ್ಲಿ ಕನ್ನಡ ಪಿಎಚ್.ಡಿ.ಗೆ ನೋಂದಣಿಯಾಗಿದ್ದು, ಬರುವ ತಿಂಗಳು ಮೈಸೂರಿಗೆ ಬರಬೇಕಾಗಿದೆ. ವೈದ್ಯಕ್ಕೆ ಸಂಬಂಧಿಸಿದ ಹಳೆಯ ಹಸ್ತಪ್ರತಿಗಳು ನನ್ನ ಅಧ್ಯಯನದ ವಿಷಯ. ವರ್ಷದ ಬಹುಪಾಲು ನಮ್ಮ ತಾಯಿಯವರು ನನ್ನ ಜೊತೆಗೇ ಇರುವುದರಿಂದ ಹಾಸ್ಟೆಲ್ ಆಗಲಿ ಪಿ.ಜಿ. ಆಗಲಿ ನಮಗೆ ಒಗ್ಗುವುದಿಲ್ಲ. ಒಂದು ಕೋಣೆ, ಅಡುಗೆಮನೆ, ಬಚ್ಚಲು ಇರುವ ಸಣ್ಣ ಮನೆ ಸಾಕು. ಬಾಡಿಗೆಗೆಂದು ತಿಂಗಳಿಗೆ ಎಂಟು ಸಾವಿರದವರೆಗೆ ತೆಗೆದಿಡಬಲ್ಲೆ. ನನಗೆ ಗಾಡಿ ಇಲ್ಲ, ತಾಯಿಗೆ ಮೊಣಕಾಲು ನೋವು.

ಪರಿಚಯದವರೊಬ್ಬರು ಸರಸ್ವತಿಪುರಂ ಒಳ್ಳೆಯ ಏರಿಯಾ ಎನ್ನುತ್ತಾರೆ, ಇನ್ನೊಬ್ಬರು ವಿಜಯನಗರವೇ ಸರಿ ಎನ್ನುತ್ತಾರೆ, ಎಂ.ಎ. ಓದಿದ ಗೆಳತಿ ಪಡುವಾರಹಳ್ಳಿ ಬಿಟ್ಟು ಬೇರೆಲ್ಲೂ ನೋಡಬೇಡ ಎನ್ನುತ್ತಾಳೆ. ಮೈಸೂರನ್ನು ನಾನು ಕಂಡಿರುವುದು ಶಾಲೆಯ ಪ್ರವಾಸದಲ್ಲಿ, ಅರಮನೆ ಮತ್ತು ಮೃಗಾಲಯದ ಮಟ್ಟಿಗೆ ಮಾತ್ರ. ನಾವು ಮಾಂಸಾಹಾರಿಗಳು ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಫೋನಿನಲ್ಲಿ ವಿಚಾರಿಸಿದ ಮನೆಗಳವರು ಬಾಡಿಗೆಗಿಂತ ಮೊದಲು ಅದನ್ನೇ ಕೇಳಿದರು. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಗಂಗೋತ್ರಿಯ ಸಂಶೋಧಕಿ:

ಸ್ವಾಗತ. ಯಾವ ಬಡಾವಣೆ ಒಳ್ಳೆಯದು ಎಂದು ಕೇಳಿದರೆ ಮೈಸೂರಿನಲ್ಲಿ ಪ್ರತಿಯೊಬ್ಬರೂ ತಮ್ಮದೇ ಬಡಾವಣೆಯ ಹೆಸರು ಹೇಳುತ್ತಾರೆ. ಅದರ ಬದಲು, ಬೆಳಿಗ್ಗೆ ಹತ್ತಕ್ಕೆ ನೀವು ಎಲ್ಲಿರಬೇಕು, ಸಂಜೆ ಏಳಕ್ಕೆ ಎಲ್ಲಿಂದ ಹೊರಡುತ್ತೀರಿ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಿ.

ಮಾನಸಗಂಗೋತ್ರಿಯ ಒಂದು ಬದಿಗೆ ಹುಣಸೂರು ರಸ್ತೆ, ಇನ್ನೊಂದು ಬದಿಗೆ ಬೋಗಾದಿ ರಸ್ತೆ, ಊರಿನ ಕಡೆಗೆ ಕುಕ್ಕರಹಳ್ಳಿ ಕೆರೆ. ನಕ್ಷೆಯಲ್ಲಿ ಹತ್ತಿರ ಕಾಣುವ ಮನೆ ನಿಮ್ಮ ವಿಭಾಗಕ್ಕೆ ಹತ್ತಿರವಾಗಿರಬೇಕೆಂದಿಲ್ಲ, ಏಕೆಂದರೆ ಆವರಣವೇ ಬಹಳ ದೊಡ್ಡದು, ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ನಡೆಯುವಷ್ಟರಲ್ಲಿ ಬೇಸಿಗೆಯಲ್ಲಿ ಬೆವರಿಳಿಯುತ್ತದೆ. ಕನ್ನಡ ಹಸ್ತಪ್ರತಿಗಳಿಗಾಗಿ ನೀವು ಹೆಚ್ಚು ಕುಳಿತುಕೊಳ್ಳುವುದು ಆವರಣದೊಳಗಿನ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯಲ್ಲಿ. ವೈದ್ಯ ಗ್ರಂಥಗಳೆಂದ ಮೇಲೆ ಸಂಸ್ಕೃತ ಮೂಲಗಳನ್ನೂ ನೋಡಬೇಕಾಗಿ ಬರುತ್ತದೆ, ಅದಕ್ಕೆ ಓರಿಯಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ಗೆ ಹೋಗಬೇಕು. 1891ರಲ್ಲಿ ಆರಂಭವಾದ, ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿ ಸಿಕ್ಕಿದ ಆ ಸಂಸ್ಥೆ ಇರುವುದು ಗಂಗೋತ್ರಿಯಲ್ಲಲ್ಲ, ಕೆರೆಯಿಂದ ಊರಿನ ಕಡೆಗೆ, ಕೃಷ್ಣರಾಜ ಬುಲೆವಾರ್ಡ್‌ನಲ್ಲಿ. ವಾರದಲ್ಲಿ ಎಷ್ಟು ದಿನ ಅಲ್ಲಿ, ಎಷ್ಟು ದಿನ ಇಲ್ಲಿ ಎಂಬುದನ್ನು ನಿಮ್ಮ ಮಾರ್ಗದರ್ಶಕರನ್ನು ಕೇಳಿ, ಆಮೇಲೆ ಮನೆ ಹುಡುಕಿ.

ನಾನಿರುವುದು ಪಡುವಾರಹಳ್ಳಿಯಲ್ಲಿ. ಬೋರ್ಡುಗಳಲ್ಲಿ ವಿನಾಯಕನಗರ ಎಂದಿರುತ್ತದೆ, ಬಾಯಲ್ಲಿ ಎಲ್ಲರೂ ಪಡುವಾರಹಳ್ಳಿ ಎನ್ನುತ್ತಾರೆ. ಊರು ಬೆಳೆದು ಬಂದು ನುಂಗಿದ ಹಳೆಯ ಹಳ್ಳಿ ಇದು. ಹುಣಸೂರು ರಸ್ತೆ ದಾಟಿದರೆ ಗಂಗೋತ್ರಿ. ವಿದ್ಯಾರ್ಥಿಗಳಿಗೆಂದೇ ಮನೆಯ ಮೇಲೆ ಕೋಣೆ, ಕೋಣೆಯ ಮೇಲೆ ಕೋಣೆ ಕಟ್ಟಿರುವುದರಿಂದ ಹೆಣ್ಣುಮಗಳೊಬ್ಬಳು ಪುಸ್ತಕದ ಚೀಲ ಹೊತ್ತು ಕತ್ತಲಾದ ಮೇಲೆ ಬಂದರೆ ಯಾರೂ ಕಿಟಕಿಯಿಂದ ಇಣುಕುವುದಿಲ್ಲ. ಜೆರಾಕ್ಸ್ ಅಂಗಡಿ, ಮೆಸ್ಸು, ಔಷಧದ ಅಂಗಡಿ ಎಲ್ಲವೂ ನಡೆಯುವ ದೂರದಲ್ಲಿವೆ. ಆದರೆ ತಾಯಿಯವರ ಮೊಣಕಾಲಿನ ವಿಷಯ ಬಂದಾಗ ಈ ಬಡಾವಣೆಯನ್ನು ನಾನು ಶಿಫಾರಸು ಮಾಡಲು ಹಿಂಜರಿಯುತ್ತೇನೆ. ನೆಲಮಹಡಿಯಲ್ಲಿ ಮಾಲೀಕರೇ ಇರುತ್ತಾರೆ, ಬಾಡಿಗೆಗೆ ಸಿಗುವುದು ಮೇಲಿನ ಅಂತಸ್ತುಗಳು, ಮೆಟ್ಟಿಲುಗಳೋ ಒಬ್ಬರು ಇಳಿಯುವಾಗ ಇನ್ನೊಬ್ಬರು ಕೆಳಗೆ ಕಾಯಬೇಕಾದಷ್ಟು ಇಕ್ಕಟ್ಟು. ತಾಯಿಯವರು ಬೆಳಗಿನಿಂದ ಸಂಜೆಯವರೆಗೆ ಆ ಕೋಣೆಯಲ್ಲೇ ಇರಬೇಕಾಗುತ್ತದೆ ಎಂಬುದನ್ನು ಯೋಚಿಸಿ.

ಕತ್ತಲಾದ ಮೇಲೆ ಆವರಣದೊಳಗಿನಿಂದ ಹಾದುಹೋಗುವ ಲೆಕ್ಕ ಹಾಕಿ ಬೋಗಾದಿ ರಸ್ತೆಯ ಕಡೆ ಮನೆ ಮಾಡಬೇಡಿ. ಹಗಲಿನಲ್ಲಿ ಬಹಳ ಚೆಂದದ, ಮರಗಳು ಕವಿದ ಆ ರಸ್ತೆಗಳು ರಾತ್ರಿ ನಿರ್ಜನವಾಗಿರುತ್ತವೆ. ಇನ್ನು ದಸರೆಗೆ ಮುಂಚಿನ ದಿನಗಳಲ್ಲಿ ಬಯಲು ರಂಗಮಂದಿರದಲ್ಲಿ ಯುವ ಸಂಭ್ರಮ ನಡೆಯುತ್ತದೆ, ಆ ಸಂಜೆಗಳಲ್ಲಿ ಸುತ್ತಮುತ್ತಲಿನ ಯಾವ ಮನೆಯಲ್ಲೂ ಓದು ಸಾಗುವುದಿಲ್ಲ. ವರ್ಷಕ್ಕೊಮ್ಮೆ ತಾನೇ, ಸಹಿಸಿಕೊಳ್ಳಬಹುದು.

ಸರಸ್ವತಿಪುರಂ ನಿವಾಸಿ:

ನಾನು ನಿವೃತ್ತ ಉಪಾಧ್ಯಾಯ. ಮನೆಯ ಹಿಂಬದಿಯ ಎರಡು ಸಣ್ಣ ಮನೆಗಳನ್ನು ಬಾಡಿಗೆಗೆ ಕೊಟ್ಟಿದ್ದೇನೆ, ಸದ್ಯಕ್ಕೆ ಎರಡೂ ಖಾಲಿ ಇಲ್ಲ, ಆದ್ದರಿಂದ ಇದರಲ್ಲಿ ನನ್ನ ಲಾಭವೇನೂ ಇಲ್ಲ ಎಂದು ತಿಳಿದು ಓದಿ.

ನಿಮ್ಮ ತಾಯಿಯವರ ಸಲುವಾಗಿಯೇ ಸರಸ್ವತಿಪುರಂ ನೋಡಬೇಕು. ರಸ್ತೆಗಳು ಅಗಲ, ನೆಲ ಸಮತಟ್ಟು, ಕೂರಲು ಪಾರ್ಕುಗಳಿವೆ, ತರಕಾರಿ ಗಾಡಿ ಬಾಗಿಲಿಗೇ ಬರುತ್ತದೆ. ಕೆರೆಯ ಪಕ್ಕದ ಬಡಾವಣೆಯಾದ್ದರಿಂದ ಒಂದು ಕಡೆ ಗಂಗೋತ್ರಿಯ ಬೋಗಾದಿ ರಸ್ತೆಯ ಗೇಟು, ಇನ್ನೊಂದು ಕಡೆ ವಿಶ್ವವಿದ್ಯಾನಿಲಯದ ಆಡಳಿತ ಕಚೇರಿಯಿರುವ ಕ್ರಾಫರ್ಡ್ ಭವನ ಮತ್ತು ಓರಿಯಂಟಲ್, ಎರಡೂ ಕೈಗೆಟುಕುವಂತಿವೆ. ಹಿಂದಿನವರು ಮನೆ ಕಟ್ಟುವಾಗ ಹಿತ್ತಿಲಿನಲ್ಲಿ ಒಂದು ಔಟ್‌ಹೌಸ್ ಹಾಕಿಸುತ್ತಿದ್ದರು, ಕೆಲವೆಡೆ ಸಾಲು ಮನೆಗಳ ವಠಾರಗಳೂ ಉಳಿದಿವೆ. ಮೆಟ್ಟಿಲಿಲ್ಲದ ಸಣ್ಣ ಮನೆ ಬೇಕೆಂದರೆ ಇಂಥವನ್ನೇ ಹುಡುಕಬೇಕು. ಗಾಳಿ ಬೆಳಕು ಸ್ವಲ್ಪ ಕಡಿಮೆ, ಶೌಚಾಲಯ ಒಳಗಿದೆಯೇ ಹೊರಗಿದೆಯೇ ಎಂದು ನೋಡಿಕೊಳ್ಳಿ.

ಇವು ಮೊಬೈಲಿನಲ್ಲಿ ಸಿಗುವುದಿಲ್ಲ. ಗೇಟಿಗೆ ತಂತಿಯಲ್ಲಿ ಕಟ್ಟಿದ ‘ಟು ಲೆಟ್’ ಹಲಗೆ ನೋಡಿಕೊಂಡು ಭಾನುವಾರ ಬೆಳಿಗ್ಗೆ ಬೀದಿ ಬೀದಿ ನಡೆಯಬೇಕು, ಮೂಲೆಯ ದಿನಸಿ ಅಂಗಡಿಯವರನ್ನೂ ಇಸ್ತ್ರಿ ಮಾಡುವವರನ್ನೂ ಕೇಳಬೇಕು. ಯಾರ ಮನೆ ಯಾವಾಗ ಖಾಲಿಯಾಗುತ್ತದೆ ಎಂಬುದು ಬ್ರೋಕರಿಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ, ಬ್ರೋಕರಿಗೆ ಕೊಡಬೇಕಾದ ಕಮಿಷನ್ನೂ ಉಳಿಯುತ್ತದೆ. ಇಲ್ಲಿ ಸಿಗದಿದ್ದರೆ ತೊಣಚಿಕೊಪ್ಪಲು, ಒಂಟಿಕೊಪ್ಪಲು ನೋಡಿ. ಗೋಕುಲಂಗೆ ಹೋಗಬೇಡಿ, ಯೋಗ ಕಲಿಯಲು ವಿದೇಶಗಳಿಂದ ಬರುವವರಿಂದಾಗಿ ಅಲ್ಲಿನ ಬಾಡಿಗೆಯ ಲೆಕ್ಕವೇ ಬೇರೆ.

ಆಹಾರದ ವಿಷಯ ಕೇಳಿದ್ದೀರಿ. ನಾನು ಯಾರನ್ನೂ ಕೇಳುವುದಿಲ್ಲ. ‘ಸಸ್ಯಾಹಾರಿಗಳಿಗೆ ಮಾತ್ರ’ ಎಂದು ಹಲಗೆಯಲ್ಲೇ ಬರೆಯುವವರು ನಮ್ಮ ಬೀದಿಯಲ್ಲೂ ಇದ್ದಾರೆ, ಅದು ಅವರವರ ಮನೆಯ ಆಚಾರ, ವಾದ ಮಾಡಿ ಫಲವಿಲ್ಲ. ಮುಂದಿನ ಗೇಟಿಗೆ ಹೋಗಿ.

ಹಿನಕಲ್ ವಾಸಿ:

ಮೇಷ್ಟ್ರ ಮಾತಿಗೆ ಗೌರವವಿದೆ, ಆದರೆ ಕೊನೆಯ ಪ್ಯಾರಾವನ್ನು ಅಷ್ಟು ಸುಲಭವಾಗಿ ದಾಟಿ ಹೋಗಲು ನನಗೆ ಆಗುವುದಿಲ್ಲ. ನಾನು ಚಾಮರಾಜನಗರ ಜಿಲ್ಲೆಯವನು, ಇಲ್ಲಿ ಸಮಾಜಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಅಡುಗೆಮನೆಯಲ್ಲಿ ಏನು ಬೇಯುತ್ತದೆ ಎಂಬುದಷ್ಟೇ ಆ ಹಲಗೆಯ ಪ್ರಶ್ನೆಯಾಗಿದ್ದರೆ, ‘ಮನೆಯಲ್ಲಿ ಮಾಡುವುದಿಲ್ಲ’ ಎಂದು ಒಪ್ಪಿಕೊಂಡವನಿಗೆ ಮನೆ ಸಿಗಬೇಕಿತ್ತು. ಹಳೆಯ ಬಡಾವಣೆಯೊಂದರಲ್ಲಿ ಮನೆಯನ್ನು ತೋರಿಸಿ, ಮುಂಗಡವನ್ನೂ ಮಾತಾಡಿ, ‘ನಿಮ್ಮ ಕಡೆ ಯಾವ ಜನ?’ ಎಂದು ಕೇಳಿ ಉತ್ತರ ಪಡೆದ ಮೇಲೆ, ಊರಿನಿಂದ ಮಗ ಬರುತ್ತಾನಂತೆ ಎಂದು ಬಾಗಿಲು ಹಾಕಿದರು. ಆ ಹಲಗೆ ಬಹಳ ದಿನ ಅದೇ ಗೇಟಿನಲ್ಲಿ ತೂಗುತ್ತಿತ್ತು. ಇದನ್ನು ಹೇಳುತ್ತಿರುವುದು ನಿಮ್ಮನ್ನು ಹೆದರಿಸಲು ಅಲ್ಲ. ಸರಸ್ವತಿಪುರಂ, ಜಯಲಕ್ಷ್ಮೀಪುರಂ ಕಡೆ ಹುಡುಕುವವರು ಕೆಲವು ದಿನಗಳ ಹುಡುಕಾಟಕ್ಕೂ, ಇಂಥ ಪ್ರಶ್ನೆಗೆ ಏನು ಹೇಳಬೇಕು ಎಂಬುದಕ್ಕೂ ಸಿದ್ಧರಾಗಿ ಬರಬೇಕು. ಎರಡು ದಿನಕ್ಕೆಂದು ಬಂದು ತಾಯಿಯವರನ್ನು ಗೇಟಿನಿಂದ ಗೇಟಿಗೆ ನಡೆಸಬೇಡಿ.

ನಾನೀಗ ಇರುವುದು ಹಿನಕಲ್‌ನಲ್ಲಿ. ವಿಜಯನಗರಕ್ಕೆ ಅಂಟಿಕೊಂಡ ಹಳೆಯ ಊರು, ನೆಲಮಹಡಿಯ ಮನೆಗಳು ಇನ್ನೂ ಸಿಗುತ್ತವೆ, ಕೋಳಿ ಅಂಗಡಿ ಬೀದಿಯಲ್ಲೇ ಇದೆ, ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ಹುಣಸೂರು ರಸ್ತೆಯ ಬಸ್ಸುಗಳೆಲ್ಲ ಗಂಗೋತ್ರಿಯನ್ನು ಹಾದೇ ಊರೊಳಗೆ ಹೋಗುತ್ತವೆ, ಶಕ್ತಿ ಯೋಜನೆಯಿಂದಾಗಿ ಸಾಮಾನ್ಯ ಬಸ್ಸುಗಳಲ್ಲಿ ನಿಮಗೂ ತಾಯಿಯವರಿಗೂ ಟಿಕೆಟಿನ ಖರ್ಚೂ ಇಲ್ಲ. ಕೊರತೆಯೆಂದರೆ ರಾತ್ರಿ ಬಸ್ಸುಗಳು ಕಡಿಮೆಯಾಗುತ್ತವೆ, ರಸ್ತೆಯ ಗದ್ದಲ ಹೆಚ್ಚು.

ವಿಜಯನಗರವೆಂದರೆ ಒಂದನೇ ಹಂತವೇ ನಾಲ್ಕನೇ ಹಂತವೇ ಎಂದು ಕೇಳಿಕೊಳ್ಳಿ, ಎರಡರ ನಡುವೆ ಬಹಳ ಅಂತರವಿದೆ. ಬೋಗಾದಿ ದಾಟಿ ವರ್ತುಲ ರಸ್ತೆಯ ಆಚೆಗೆ ಬಾಡಿಗೆ ಅಗ್ಗ, ಮನೆಗಳೂ ಹೊಸವು. ಆದರೆ ಮಾಲೀಕರು ಕರೆಯುವುದು ಬೆಳಿಗ್ಗೆ ಹನ್ನೊಂದಕ್ಕೆ. ನೀವು ಸಂಜೆ ಎಂಟಕ್ಕೆ ಒಮ್ಮೆ ಹೋಗಿ ನೋಡಿ. ಅಕ್ಕಪಕ್ಕ ಖಾಲಿ ಸೈಟುಗಳು, ಬಸ್ಸಿಳಿದು ನಡೆಯುವ ದಾರಿಯಲ್ಲಿ ದೀಪ ಇದೆಯೋ ಇಲ್ಲವೋ ಎಂಬುದು ಆಗ ತಿಳಿಯುತ್ತದೆ.

ಜೆಆರ್‌ಎಫ್ (ಯುಜಿಸಿಯ ಸಂಶೋಧನಾ ವೇತನ) ಇದ್ದವರಿಗೊಂದು ಮಾತು: 2023ರ ಜನವರಿಯಿಂದ ಅದು ತಿಂಗಳಿಗೆ 37,000 ರೂಪಾಯಿ, ಹಾಸ್ಟೆಲ್ ಪಡೆಯದವರಿಗೆ ಮನೆ ಬಾಡಿಗೆ ಭತ್ಯೆ ಬೇರೆ. ಆದರೆ ಹಣ ತಿಂಗಳಿಗೆ ಸರಿಯಾಗಿ ಖಾತೆಗೆ ಬೀಳುತ್ತದೆಂದು ನಂಬಿ ಬಾಡಿಗೆ ಒಪ್ಪಿಕೊಳ್ಳಬೇಡಿ. ಕೆಲವು ತಿಂಗಳ ಬಾಡಿಗೆ ಕೈಯಲ್ಲಿರಲಿ.

ಲಿಂಗಸುಗೂರಿನವಳು:

ಮೂವರಿಗೂ ಧನ್ಯವಾದಗಳು. ನನಗೆ ಜೆಆರ್‌ಎಫ್ ಇಲ್ಲ, ಮನೆಯವರ ನೆರವಿನ ಮೇಲೆಯೇ ಓದಬೇಕು. ಮಾರ್ಗದರ್ಶಕರನ್ನು ಕೇಳಿದೆ, ಮೊದಲ ವರ್ಷವೆಲ್ಲ ಗಂಗೋತ್ರಿಯಲ್ಲೇ ಕೆಲಸ, ಓರಿಯಂಟಲ್‌ಗೆ ಆಮೇಲೆ ನೋಡೋಣ ಎಂದರು. ಹಾಗಾದರೆ ಹುಣಸೂರು ರಸ್ತೆಯ ಕಡೆಯೇ ನೋಡುವುದು ಸರಿಯೆನಿಸುತ್ತದೆ. ಹಿನಕಲ್‌ನಲ್ಲಿ ಒಬ್ಬರು ನೆಲಮಹಡಿಯ ಮನೆ ಇದೆ ಎಂದಿದ್ದಾರೆ. ಮೂರು ಮನೆಗೂ ಒಂದೇ ಮೀಟರ್, ಯೂನಿಟ್ಟಿಗೆ ಒಂಬತ್ತು ರೂಪಾಯಿಯಂತೆ ತಮಗೇ ಕೊಡಬೇಕು ಎನ್ನುತ್ತಾರೆ. ಇದು ಸರಿಯೇ? ತಾಯಿಯವರ ಇನ್ನೊಂದು ಪ್ರಶ್ನೆ, ಅಲ್ಲಿ ಜೋಳದ ಹಿಟ್ಟು ಬೀಸಿ ಕೊಡುತ್ತಾರೆಯೇ?

ಗಂಗೋತ್ರಿಯ ಸಂಶೋಧಕಿ:

ಆ ಮನೆಯನ್ನು ಒಪ್ಪುವ ಮೊದಲು ಯೋಚಿಸಿ. ಗೃಹಜ್ಯೋತಿಯ ಸೌಲಭ್ಯ ಬಾಡಿಗೆದಾರರಿಗೂ ಇದೆ, ಆದರೆ ಅದಕ್ಕೆ ನಿಮ್ಮ ಮನೆಗೆ ಪ್ರತ್ಯೇಕ ಮೀಟರ್, ಅದರದೇ ಆರ್.ಆರ್. ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ) ಇರಬೇಕು. ಹಿಂದಿದ್ದವರ ಆಧಾರ್ ಜೋಡಣೆ ತೆಗೆಸಿ, ಕರಾರು ಪತ್ರದೊಂದಿಗೆ ನಿಮ್ಮದನ್ನು ಜೋಡಿಸಬೇಕು. ಸರಾಸರಿ ಬಳಕೆಯ ಮೇಲೆ ಒಂದಿಷ್ಟು ಸೇರಿಸಿ, 200 ಯೂನಿಟ್ ಮೀರದಂತೆ ಉಚಿತ ಮಿತಿ ನಿಗದಿಯಾಗುತ್ತದೆ, ಇಬ್ಬರಿರುವ ಸಣ್ಣ ಮನೆಗೆ ಬಿಲ್ ಬರುವುದೇ ಅಪರೂಪ. ಮೂರು ಮನೆಗೆ ಒಂದೇ ಮೀಟರ್ ಇದ್ದಲ್ಲಿ ಆ ಉಚಿತ ಯೂನಿಟ್ಟುಗಳು ಯಾರ ಹೆಸರಿಗೆ ಹೋಗುತ್ತಿವೆ, ನಿಮ್ಮಿಂದ ಒಂಬತ್ತು ರೂಪಾಯಿ ಏಕೆ ಪಡೆಯುತ್ತಾರೆ ಎಂದು ಬಿಲ್ ತೋರಿಸಿ ಹೇಳಲು ಕೇಳಿ. ತೋರಿಸದಿದ್ದರೆ ಅದೇ ಬೀದಿಯಲ್ಲಿ ಬೇರೆ ಮನೆ ನೋಡಿ.

ಕರಾರನ್ನು ಹನ್ನೊಂದು ತಿಂಗಳಿಗೆ ಬರೆಸುತ್ತಾರೆ, ಅದರಲ್ಲಿ ಮೋಸವೇನಿಲ್ಲ, ವರ್ಷ ಮೀರುವ ಕರಾರಾದರೆ ನೋಂದಣಿ ಕಡ್ಡಾಯವಾಗುತ್ತದೆ ಎಂಬ ಕಾರಣಕ್ಕೆ ಮಾತ್ರ. ಗಮನಿಸಬೇಕಾದದ್ದು ಕೊನೆಯ ಪುಟ. ಮನೆ ಬಿಡುವಾಗ ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆಯನ್ನು ಮುಂಗಡದಲ್ಲಿ ಹಿಡಿದುಕೊಳ್ಳುವ ರೂಢಿ ಇಲ್ಲಿದೆ. ನೀವು ನಾಲ್ಕೈದು ವರ್ಷ ಇರುವವರು, ಬಾಡಿಗೆ ವರ್ಷಕ್ಕೆ ಶೇಕಡಾ ಎಷ್ಟು ಏರುತ್ತದೆ ಎಂಬುದನ್ನೂ ಈಗಲೇ ಬರೆಸಿಕೊಳ್ಳಿ.

ಜೋಳವನ್ನು ಗಿರಣಿಯಲ್ಲಿ ಖಂಡಿತ ಬೀಸುತ್ತಾರೆ. ಇಲ್ಲಿ ರಾಗಿ ಬೀಸುವುದೇ ಹೆಚ್ಚು, ರಾಗಿಯ ಹಿಂದೆಯೇ ನಿಮ್ಮ ಜೋಳ ಹಾಕಿದರೆ ರೊಟ್ಟಿ ಕಪ್ಪಗಾಗುತ್ತದೆ. ಗೋಧಿಯಾದ ಮೇಲೆ ಹಾಕಿಕೊಡಿ ಎಂದು ತಾಯಿಯವರು ಹೇಳಲಿ, ಕಾಯಿಸುತ್ತಾರೆ, ಆದರೆ ಹಾಕಿಕೊಡುತ್ತಾರೆ. ಬಿಳಿಜೋಳವನ್ನು ಊರಿನಿಂದಲೇ ತನ್ನಿ.

ಸರಸ್ವತಿಪುರಂ ನಿವಾಸಿ:

ಹಿನಕಲ್‌ನವರು ಬರೆದದ್ದನ್ನು ಓದಿದೆ. ಆಚಾರ ಎಂದು ನಾನು ಬರೆದ ಮಾತಿನ ಅಡಿಯಲ್ಲಿ ಅದೂ ಅಡಗಿರುತ್ತದೆ ಎಂಬುದನ್ನು ಅಲ್ಲಗಳೆಯುವುದಿಲ್ಲ.

ಒಂದು ವಿಷಯ ಬಿಟ್ಟುಹೋಗಿತ್ತು. ಬರುವ ತಿಂಗಳು ಆಷಾಢ. ಹಾಲುಕ್ಕಿಸಿ ಮನೆ ಸೇರುವವರು ಶ್ರಾವಣದವರೆಗೆ ಕಾಯುವುದರಿಂದ ಈ ಮಧ್ಯೆ ಖಾಲಿಯಾದ ಮನೆಗಳು ಹಾಗೆಯೇ ಉಳಿದು, ಮಾಲೀಕರು ಬಾಡಿಗೆಯಲ್ಲೂ ಮುಂಗಡದಲ್ಲೂ ಒಂದಿಷ್ಟು ಇಳಿಯುತ್ತಾರೆ. ನಿಮ್ಮ ತಾಯಿಯವರ ಅಭ್ಯಂತರವಿಲ್ಲದಿದ್ದರೆ ಆಗಲೇ ಬಂದು ಕರಾರು ಮಾಡಿಕೊಳ್ಳಿ. ಅಭ್ಯಂತರವಿದ್ದರೆ ಈಗಲೇ ಮುಂಗಡದ ಒಂದು ಭಾಗ ಕೊಟ್ಟು ರಸೀದಿ ಪಡೆದು, ಶ್ರಾವಣ ಹುಟ್ಟಿದ ಮೇಲೆ ಸಾಮಾನು ತರಬಹುದು, ಆ ನಡುವಿನ ದಿನಗಳಿಗೆ ಬಾಡಿಗೆ ಕೇಳುವುದಿಲ್ಲವೆಂದು ರಸೀದಿಯಲ್ಲೇ ಬರೆಸಿಕೊಳ್ಳಿ.