ಹೃದಯ ವೈಫಲ್ಯ: ಆರೈಕೆಯ ಅವಲಂಬನೆಯನ್ನು ಅಳೆಯುವುದು ಹೇಗೆ?

ಪ್ರಶ್ನೆ (ಗದಗ):
ಹೃದಯ ವೈಫಲ್ಯವಿರುವ ನಮ್ಮ ತಂದೆಯವರನ್ನು ನರ್ಸ್ ವಿಚಾರಿಸಿದಾಗ, ತಮಗೆ ಯಾರ ನೆರವೂ ಬೇಕಿಲ್ಲವೆಂದರು. ದಿನವೂ ಸ್ನಾನ ಮಾಡಿಸುವ ತಾಯಿಯವರ ಉತ್ತರ ಬೇರೆಯೇ ಇತ್ತು. ಯಾರ ಮಾತನ್ನು ದಾಖಲಿಸಬೇಕು?

ಉತ್ತರ (ಧಾರವಾಡ):
ಎರಡನ್ನೂ ದಾಖಲಿಸಿರಿ; ಆ ಅಂತರವೇ ಮುಖ್ಯ ಮಾಹಿತಿ. ರೋಗಿಗೆ ಇತರರ ನೆರವು ಎಷ್ಟು ಬೇಕೆಂದು ಅಳೆಯಲು ನೆದರ್ಲೆಂಡ್ಸ್‌ನಲ್ಲಿ ರೂಪುಗೊಂಡ ಆರೈಕೆ ಅವಲಂಬನೆ ಮಾಪಕದಲ್ಲಿ ಊಟ, ಉಡುಪು, ಚಲನೆ, ಶುಚಿತ್ವ ಮುಂತಾದ 15 ಅಂಶಗಳಿದ್ದು, ಪ್ರತಿಯೊಂದಕ್ಕೂ 1ರಿಂದ 5 ಅಂಕಗಳಿರುವುದರಿಂದ ಮೊತ್ತ 15ರಿಂದ 75ರವರೆಗೆ ಬರುತ್ತದೆ. ಅಂಕ ಕಡಿಮೆಯಾದಷ್ಟೂ ಅವಲಂಬನೆ ಹೆಚ್ಚು (ಇದನ್ನು ತಿರುವುಮುರುವಾಗಿ ಓದಿಬಿಡುವುದು ಸುಲಭ).

ಉತ್ತರ (ಹುಬ್ಬಳ್ಳಿ):
ಕಾಲು ಬಾತು ಉಸಿರು ಕಟ್ಟಿದ ದಿನದ ಅಂಕವೇ ಬೇರೆ, ಔಷಧದಿಂದ ನೀರು ಇಳಿದ ಮೇಲಿನದೇ ಬೇರೆ. ಆದ್ದರಿಂದ ಮತ್ತೆ ಅಳೆಯಿರಿ. ತಾಯಿಯವರ ದಣಿವನ್ನು ಅರಿಯಲು, ಆರೈಕೆ ಮಾಡುವವರ ಹೊರೆಯನ್ನು ಅಳೆಯುವ 22 ಪ್ರಶ್ನೆಗಳ ಜಾರಿಟ್ ಪ್ರಶ್ನಾವಳಿಯಿದೆ. ಯಜಮಾನರ ಎದುರು ಅವರು ಬಾಯಿ ಬಿಡಲಾರರು, ಒಬ್ಬರೇ ಇದ್ದಾಗ ಕೇಳಿರಿ.